ಭಿನ್ನರಾಶಿಗಳ ಹೋಲಿಕೆಯಲ್ಲಿ ಓರೆ ಗುಣಾಕಾರ ಮೊದಲ ಪಾಠವಾಗಬಾರದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಗಣಿತ ಟಿಪ್ಪಣಿಯೊಂದು, ಛೇದಗಳು ಬೇರೆ ಬೇರೆಯಾಗಿರುವ ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂದು ಕಂಡುಹಿಡಿಯಲು ಒಂದರ ಅಂಶವನ್ನು (ಗೆರೆಯ ಮೇಲಿನ ಸಂಖ್ಯೆ) ಇನ್ನೊಂದರ ಛೇದದಿಂದ (ಕೆಳಗಿನ ಸಂಖ್ಯೆ) ಗುಣಿಸಿ ನೋಡುವ ಓರೆ ಗುಣಾಕಾರವೊಂದನ್ನೇ ಹೇಳಿಕೊಟ್ಟು, ಇದೊಂದು ಗೊತ್ತಿದ್ದರೆ ಸಾಕು ಎಂಬ ಧಾಟಿಯಲ್ಲಿ ಮುಗಿದಿತ್ತು. ಟಿಪ್ಪಣಿಯಲ್ಲಿ ಲೆಕ್ಕದ ತಪ್ಪೇನೂ ಇರಲಿಲ್ಲ. ಕೊಟ್ಟ ಉದಾಹರಣೆಗಳೆಲ್ಲ ಸರಿಯಾಗಿಯೇ ಇದ್ದವು. ನನ್ನ ತಕರಾರು ಇರುವುದು ಕ್ರಮದ ಬಗ್ಗೆ. ಕೊನೆಯಲ್ಲಿ, ಕಾರಣ ತಿಳಿದ ಮೇಲೆ ಕಲಿಯಬೇಕಾದ ವಿಧಾನವನ್ನು ಮೊದಲೇ, ಅದೂ ಕಾರಣವಿಲ್ಲದೆ ಕಲಿಸಿದರೆ, ಭಿನ್ನರಾಶಿಗೂ ಒಂದು ಗಾತ್ರವಿದೆ ಎಂಬ ಮೂಲ ಸಂಗತಿಯೇ ಮಕ್ಕಳ ಗಮನದಿಂದ ಜಾರಿಹೋಗುತ್ತದೆ ಎಂಬುದನ್ನು ತಿಳಿಸಲು ಈ ಪತ್ರ.

3/7 ಮತ್ತು 5/9 ಎಂಬ ಜೋಡಿಯನ್ನು ತೆಗೆದುಕೊಳ್ಳೋಣ. ಓರೆ ಗುಣಾಕಾರ ಕಲಿತ ವಿದ್ಯಾರ್ಥಿ ಮೂರನ್ನು ಒಂಬತ್ತರಿಂದಲೂ ಐದನ್ನು ಏಳರಿಂದಲೂ ಗುಣಿಸಿ, 27 ಮತ್ತು 35 ಎಂಬ ಎರಡು ಸಂಖ್ಯೆಗಳನ್ನು ಪಡೆದು, 35 ದೊಡ್ಡದಾದ್ದರಿಂದ 5/9 ದೊಡ್ಡದು ಎಂದು ಸರಿಯಾಗಿಯೇ ಬರೆಯುತ್ತಾನೆ. ಆದರೆ ‘ಈ 27 ಮತ್ತು 35 ಏನು, ಇವು ಎಲ್ಲಿಂದ ಬಂದವು’ ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಉತ್ತರ ಕಷ್ಟದ್ದೇನಲ್ಲ. ಎರಡೂ ಭಿನ್ನರಾಶಿಗಳನ್ನು 63 ಎಂಬ ಒಂದೇ ಛೇದಕ್ಕೆ ತಂದರೆ ಮೊದಲನೆಯದು 27/63, ಎರಡನೆಯದು 35/63 ಆಗುತ್ತದೆ. ಆ 27 ಮತ್ತು 35 ಈ ಅಂಶಗಳೇ. 63 ಎಂಬ ಛೇದ ಎರಡಕ್ಕೂ ಒಂದೇ ಆದ್ದರಿಂದ ಅದನ್ನು ಬರೆಯುವ ಶ್ರಮವನ್ನು ಉಳಿಸಿಕೊಂಡಿದ್ದೇವೆ, ಅಷ್ಟೆ. ಅಂದರೆ ಓರೆ ಗುಣಾಕಾರವು ಛೇದಗಳನ್ನು ಸಮ ಮಾಡುವ ಕ್ರಮಕ್ಕಿಂತ ಬೇರೆಯಾದ ವಿಧಾನವೇ ಅಲ್ಲ. ಅದೇ ಕ್ರಮದ ಕೊನೆಯ ಸಾಲನ್ನು ಮಾತ್ರ ಉಳಿಸಿಕೊಂಡ ಸಂಕ್ಷೇಪ. ಹಿಂದಿನ ಸಾಲುಗಳು ಗೊತ್ತಿರುವವನಿಗೆ ಸಂಕ್ಷೇಪ ಉಪಕಾರಿ. ಗೊತ್ತಿಲ್ಲದವನಿಗೆ ಯಾವ ಗುಣಲಬ್ಧ ಯಾವ ಭಿನ್ನರಾಶಿಗೆ ಸೇರಿದ್ದು ಎಂಬುದೇ ಮುಂದೆ ಗೊಂದಲವಾಗುತ್ತದೆ, ಏಕೆಂದರೆ ಮೂರನ್ನು ಒಂಬತ್ತರಿಂದ ಗುಣಿಸಿದಾಗ ಬಂದ 27 ಎಡಗಡೆಯ ಭಿನ್ನರಾಶಿಯದೋ ಬಲಗಡೆಯದೋ ಎಂಬುದನ್ನು ಗುಣಿಸಬೇಕಾದ ಸಂಖ್ಯೆಗಳನ್ನು ಜೋಡಿಸಲು ಓರೆಯಾಗಿ ಎಳೆಯುವ ಬಾಣದ ಗುರುತು ಹೇಳುವುದಿಲ್ಲ.

ಇನ್ನೊಂದು ತೊಡಕು ಕೆಲವು ವರ್ಷಗಳ ನಂತರ, ಋಣ ಸಂಖ್ಯೆಗಳು ಬಂದಾಗ, ಕಾಣಿಸಿಕೊಳ್ಳುತ್ತದೆ. 1/(−2) ಮತ್ತು 1/3 ಇವುಗಳಲ್ಲಿ ಮೊದಲನೆಯದು ಸೊನ್ನೆಗಿಂತ ಕಡಿಮೆ, ಎರಡನೆಯದು ಸೊನ್ನೆಗಿಂತ ಹೆಚ್ಚು ಎಂಬುದು ನೋಡಿದೊಡನೆ ತಿಳಿಯುತ್ತದೆ. ಆದರೆ ಯಾಂತ್ರಿಕವಾಗಿ ಓರೆ ಗುಣಾಕಾರ ಮಾಡಿದವನಿಗೆ 3 ಮತ್ತು −2 ಸಿಕ್ಕಿ, ಮೊದಲನೆಯದೇ ದೊಡ್ಡದೆಂಬ ತಪ್ಪು ಉತ್ತರ ಬರುತ್ತದೆ. ಛೇದಗಳ ಗುಣಲಬ್ಧ ಧನವಾಗಿದ್ದರೆ ಮಾತ್ರ ಈ ವಿಧಾನ ನಡೆಯುತ್ತದೆ ಎಂಬ ಷರತ್ತನ್ನು, ಆ ಛೇದವನ್ನೇ ಕಣ್ಣಿನಿಂದ ಮರೆಮಾಡಿದ ಸೂತ್ರದೊಳಗೆ ಹುಡುಕುವುದಾದರೂ ಹೇಗೆ?

ಹಾಗಾದರೆ ಮೊದಲು ಕಲಿಸಬೇಕಾದದ್ದು ಏನು? ಛೇದವು ತುಂಡಿನ ಗಾತ್ರವನ್ನು ಹೇಳುತ್ತದೆ, ಅಂಶವು ತುಂಡುಗಳ ಎಣಿಕೆಯನ್ನು ಹೇಳುತ್ತದೆ ಎಂಬುದನ್ನು. ಒಂದನ್ನು ಒಂಬತ್ತು ಸಮಭಾಗ ಮಾಡಿದಾಗ ಸಿಗುವ ಪ್ರತಿ ಭಾಗವೂ, ಅದೇ ಒಂದನ್ನು ಏಳು ಸಮಭಾಗ ಮಾಡಿದಾಗ ಸಿಗುವ ಭಾಗಕ್ಕಿಂತ ಚಿಕ್ಕದು. ಆದ್ದರಿಂದ 1/9 ಎಂಬುದು 1/7ಕ್ಕಿಂತ ಚಿಕ್ಕದು. ದೊಡ್ಡವರಿಗೆ ಇದು ಹೇಳಲೂ ಬೇಕಿಲ್ಲದ ಮಾತೆನಿಸಬಹುದು. ಆದರೆ ವರ್ಷಗಟ್ಟಲೆ ಪೂರ್ಣ ಸಂಖ್ಯೆಗಳೊಂದಿಗೇ ಬೆಳೆದ ಮಗುವಿಗೆ ಒಂಬತ್ತು ಯಾವಾಗಲೂ ಏಳಕ್ಕಿಂತ ದೊಡ್ಡದು, ಮತ್ತು ಆ ನಂಬಿಕೆ ಅಲ್ಲಿಯವರೆಗೆ ಒಮ್ಮೆಯೂ ಕೈಕೊಟ್ಟಿರುವುದಿಲ್ಲ. ಭಿನ್ನರಾಶಿಯನ್ನು ಒಂದು ಸಂಖ್ಯೆಯಾಗಿ ನೋಡದೆ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಪೂರ್ಣ ಸಂಖ್ಯೆಗಳಾಗಿ ನೋಡುವ ಈ ಅಭ್ಯಾಸವೇ ಮುಂದಿನ ಬಹುಪಾಲು ತಪ್ಪುಗಳ ಬೇರು.

ಈ ಬೇರು ಎಷ್ಟು ಆಳವಾದದ್ದು ಎಂಬುದಕ್ಕೆ ಅಮೆರಿಕದಲ್ಲಿ 1978ರಲ್ಲಿ ನಡೆದ ರಾಷ್ಟ್ರೀಯ ಮೌಲ್ಯಮಾಪನದ ಪ್ರಶ್ನೆಯೊಂದು ಗಣಿತ ಶಿಕ್ಷಣದ ವಲಯದಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. 12/13 ಮತ್ತು 7/8 ಇವುಗಳ ಮೊತ್ತ ಸುಮಾರು ಎಷ್ಟು ಎಂದು ಕೇಳಿ, 1, 2, 19, 21 ಎಂಬ ಆಯ್ಕೆಗಳನ್ನು ಕೊಡಲಾಗಿತ್ತು. ಎರಡೂ ಒಂದಕ್ಕೆ ತೀರ ಹತ್ತಿರವಿರುವುದರಿಂದ ಉತ್ತರ 2. ಹದಿಮೂರು ವರ್ಷದ ಮಕ್ಕಳಲ್ಲಿ ಅದನ್ನು ಆರಿಸಿದವರು ಶೇಕಡ 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದಿದ್ದರು. ಅಂಶಗಳನ್ನು ಕೂಡಿದರೆ 19, ಛೇದಗಳನ್ನು ಕೂಡಿದರೆ 21. ಕೂಡುವುದು ಆ ಮಕ್ಕಳಿಗೆ ಬರುತ್ತಿತ್ತು. 12/13 ಎಷ್ಟು ದೊಡ್ಡದು ಎಂದು ಒಂದು ಕ್ಷಣ ನಿಂತು ನೋಡುವುದು ಬರುತ್ತಿರಲಿಲ್ಲ.

ಈ ತಪ್ಪನ್ನು ತಿದ್ದಲು ಹೊರಟು ಇನ್ನೊಂದು ತಪ್ಪನ್ನು ಬಿತ್ತುವವರೂ ಇದ್ದಾರೆ. ‘ಛೇದ ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದು’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಸಿದರೆ, ಮಗು 7/9ನ್ನು 2/5ಕ್ಕಿಂತ ಚಿಕ್ಕದೆನ್ನುತ್ತದೆ. ಅಂಶ ಸಮವಾಗಿದ್ದಾಗ ಮಾತ್ರ ಆ ವಾಕ್ಯ ನಿಜ. ಆ ಷರತ್ತನ್ನು ಬಿಟ್ಟು ಹೇಳಿದ ವಾಕ್ಯ ಅರ್ಧ ಸತ್ಯವೂ ಅಲ್ಲ. ಇದಕ್ಕಿಂತ ಸೂಕ್ಷ್ಮವಾದ, ಬುದ್ಧಿವಂತ ಮಕ್ಕಳಲ್ಲೇ ಹೆಚ್ಚಾಗಿ ಕಾಣುವ ಮತ್ತೊಂದು ತಪ್ಪಿದೆ: ಅಂಶಕ್ಕೂ ಛೇದಕ್ಕೂ ಇರುವ ವ್ಯತ್ಯಾಸವನ್ನು ನೋಡಿ ತೀರ್ಮಾನಿಸುವುದು. 5/6ರಲ್ಲಿ ಒಂದು ಕಡಿಮೆ, 7/8ರಲ್ಲೂ ಒಂದು ಕಡಿಮೆ, ಆದ್ದರಿಂದ ಎರಡೂ ಸಮ ಎಂಬುದು ಆ ತರ್ಕ. ಇದು ಕೆಲವೊಮ್ಮೆ ಸರಿಯುತ್ತರವನ್ನೇ ಕೊಟ್ಟುಬಿಡುವುದರಿಂದ ಶಿಕ್ಷಕರ ಕಣ್ಣಿಗೆ ಬೀಳದೆ ಬಹುಕಾಲ ಬದುಕುತ್ತದೆ. 3/5 ಮತ್ತು 7/10ನ್ನು ಕೊಟ್ಟು ನೋಡಿ. ಮೊದಲನೆಯದರಲ್ಲಿ ವ್ಯತ್ಯಾಸ ಎರಡು, ಎರಡನೆಯದರಲ್ಲಿ ಮೂರು. ಆ ತರ್ಕದ ಪ್ರಕಾರ 3/5 ದೊಡ್ಡದಾಗಬೇಕು. ಆದರೆ 3/5 ಎಂದರೆ 6/10, ಅದು 7/10ಕ್ಕಿಂತ ಚಿಕ್ಕದು. ಕೊರತೆಯಾದ ತುಂಡುಗಳನ್ನು ಎಣಿಸಿದರೆ ಸಾಲದು, ಆ ತುಂಡುಗಳು ಎಷ್ಟು ದೊಡ್ಡವು ಎಂಬುದನ್ನೂ ನೋಡಬೇಕು.

ಆ ಒಂದು ಮಾತನ್ನು ಸೇರಿಸಿದರೆ ಇದೇ ತಪ್ಪು ತರ್ಕವು ಒಳ್ಳೆಯ ವಿಧಾನವಾಗಿ ಬದಲಾಗುತ್ತದೆ ಎಂಬುದು ಗಮನಿಸತಕ್ಕದ್ದು. 12/13 ಮತ್ತು 17/18ನ್ನು ಹೋಲಿಸಬೇಕಾದರೆ, ಮೊದಲನೆಯದು ಒಂದನ್ನು ಮುಟ್ಟಲು 1/13ರಷ್ಟು ಹಿಂದಿದೆ, ಎರಡನೆಯದು 1/18ರಷ್ಟು ಹಿಂದಿದೆ. 1/18 ಚಿಕ್ಕದಾದ್ದರಿಂದ ಎರಡನೆಯದೇ ಒಂದಕ್ಕೆ ಹೆಚ್ಚು ಹತ್ತಿರ, ಅಂದರೆ 17/18 ದೊಡ್ಡದು. ಇಲ್ಲಿ 216 ಮತ್ತು 221 ಎಂಬ ಗುಣಲಬ್ಧಗಳನ್ನು ತಂದು ಹೋಲಿಸುವ ಅಗತ್ಯವೇ ಬೀಳುವುದಿಲ್ಲ. ಒಂದಕ್ಕಿಂತ ಹೆಚ್ಚಿರುವ ಭಿನ್ನರಾಶಿಗಳಲ್ಲಂತೂ ಈ ನೋಟ ಇನ್ನೂ ಸುಲಭ: 9/7 ಒಂದನ್ನು ದಾಟಿದೆ, 8/9 ದಾಟಿಲ್ಲ, ಮುಗಿಯಿತು.

ಒಂದರಂತೆಯೇ ಅರ್ಧವೂ ಒಳ್ಳೆಯ ಗುರುತುಗಲ್ಲು. ಮೊದಲು ಹೇಳಿದ 3/7 ಮತ್ತು 5/9 ಜೋಡಿಯನ್ನೇ ಮತ್ತೆ ನೋಡಿ. ಮೂರರ ಎರಡರಷ್ಟು ಆರು, ಅದು ಏಳಕ್ಕಿಂತ ಕಡಿಮೆ, ಆದ್ದರಿಂದ 3/7 ಅರ್ಧಕ್ಕಿಂತ ಕಡಿಮೆ; ಐದರ ಎರಡರಷ್ಟು ಹತ್ತು, ಅದು ಒಂಬತ್ತಕ್ಕಿಂತ ಹೆಚ್ಚು, ಆದ್ದರಿಂದ 5/9 ಅರ್ಧಕ್ಕಿಂತ ಹೆಚ್ಚು. ಕಾಗದವೂ ಬೇಡ, ಪೆನ್ಸಿಲ್ಲೂ ಬೇಡ. ಸಂಖ್ಯಾರೇಖೆಯ ಮೇಲೆ ಸೊನ್ನೆ, ಅರ್ಧ, ಒಂದು ಎಂಬ ಮೂರು ಗುರುತುಗಳನ್ನಿಟ್ಟು, ಕೊಟ್ಟ ಭಿನ್ನರಾಶಿ ಯಾವ ಕಡೆ ಬೀಳುತ್ತದೆ ಎಂದು ಅಂದಾಜಿಸುವ ಅಭ್ಯಾಸವನ್ನು ಮಾಡಿಸಿದರೆ ಪಠ್ಯದ ಅಭ್ಯಾಸ ಲೆಕ್ಕಗಳಲ್ಲಿ ಹಲವು ಅಲ್ಲೇ ತೀರ್ಮಾನವಾಗುತ್ತವೆ.

ಎರಡೂ ಅರ್ಧದ ಒಂದೇ ಕಡೆ ಬಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಸಹಜ. ಆಗ ಅರ್ಧವನ್ನು ಕಳೆದು ಉಳಿದದ್ದನ್ನು ನೋಡಬಹುದು. 3/5 ಎಂದರೆ ಅರ್ಧ ಮತ್ತು 1/10. 5/8 ಎಂದರೆ ಅರ್ಧ ಮತ್ತು 1/8. ಹತ್ತನೇ ಒಂದಕ್ಕಿಂತ ಎಂಟನೇ ಒಂದು ದೊಡ್ಡದಾದ್ದರಿಂದ 5/8 ದೊಡ್ಡದು. ಇದು ಹೊಸ ಉಪಾಯವೇನಲ್ಲ. ಪ್ರಾಚೀನ ಈಜಿಪ್ಟಿನ ಲೆಕ್ಕಿಗರು 2/3ರಂಥ ಅಪವಾದವನ್ನು ಬಿಟ್ಟರೆ ಎಲ್ಲ ಭಿನ್ನರಾಶಿಗಳನ್ನೂ ಅಂಶ ಒಂದಾಗಿರುವ, ಒಂದಕ್ಕೊಂದು ಬೇರೆಯಾದ ಭಿನ್ನರಾಶಿಗಳ ಮೊತ್ತವಾಗಿಯೇ ಬರೆಯುತ್ತಿದ್ದರು. ಕ್ರಿಸ್ತಪೂರ್ವ 1550ರ ಸುಮಾರಿನ ರೈಂಡ್ ಪ್ಯಾಪಿರಸ್ ಎಂಬ ಅವರ ಗಣಿತದ ಹಸ್ತಪ್ರತಿಯಲ್ಲಿ ಅಂಥ ಪಟ್ಟಿಯೇ ಇದೆ. ಕೂಡಿ ಗುಣಿಸಲು ಆ ಬರವಣಿಗೆ ನಮಗೆ ತೊಡಕೆನಿಸಿದರೂ, ದೊಡ್ಡದು ಯಾವುದು ಚಿಕ್ಕದು ಯಾವುದು ಎಂದು ನೋಡಲು ಅದರಲ್ಲಿ ಒಂದು ಅನುಕೂಲವಿದೆ ಎಂಬುದು ಮೇಲಿನ ಉದಾಹರಣೆಯಿಂದಲೇ ಕಾಣುತ್ತದೆ.

ಅಂಶಗಳನ್ನು ಸಮ ಮಾಡುವ ವಿಧಾನದ ಬಗ್ಗೆ ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ತರಗತಿಗಳಲ್ಲಿ ಅತ್ಯಂತ ಕಡೆಗಣಿತವಾಗಿರುವುದು ಅದೇ. ಛೇದಗಳನ್ನು ಸಮ ಮಾಡಬಹುದಾದರೆ ಅಂಶಗಳನ್ನು ಏಕೆ ಮಾಡಬಾರದು? 6/17 ಮತ್ತು 9/26 ಎಂಬ ಜೋಡಿಯಲ್ಲಿ ಛೇದಗಳನ್ನು ಸಮ ಮಾಡಹೊರಟರೆ 442ರವರೆಗೆ ಹೋಗಬೇಕು. ಅಂಶಗಳಾದ 6 ಮತ್ತು 9ನ್ನು ನೋಡಿದರೆ ಎರಡಕ್ಕೂ 18 ಸಲ್ಲುತ್ತದೆ: ಮೊದಲನೆಯದರ ಅಂಶ ಛೇದಗಳನ್ನು ಮೂರರಿಂದ ಗುಣಿಸಿದರೆ 18/51, ಎರಡನೆಯದನ್ನು ಎರಡರಿಂದ ಗುಣಿಸಿದರೆ 18/52. ತುಂಡುಗಳ ಎಣಿಕೆ ಎರಡರಲ್ಲೂ ಹದಿನೆಂಟೇ. ಐವತ್ತೊಂದನೇ ಭಾಗ ಐವತ್ತೆರಡನೇ ಭಾಗಕ್ಕಿಂತ ದೊಡ್ಡದು. ಆದ್ದರಿಂದ 6/17 ದೊಡ್ಡದು. ಈ ಒಂದು ಲೆಕ್ಕವನ್ನು ತಾನೇ ಮಾಡಿದ ವಿದ್ಯಾರ್ಥಿಗೆ ಛೇದವು ತುಂಡಿನ ಗಾತ್ರವೆಂಬುದು ಮತ್ತೆ ಮರೆಯಲಾರದು. ‘ಇದು ಪಠ್ಯದಲ್ಲಿ ಹೇಳಿದ ವಿಧಾನವಲ್ಲ’ ಎಂದು ಅಂಕ ಕಳೆಯುವ ಮೌಲ್ಯಮಾಪಕರು ಇದ್ದಾರೆಂದು ಕೇಳಿದ್ದೇನೆ. ಅದು ನಿಜವಾಗಿದ್ದರೆ ಬಹಳ ದುಃಖದ ಸಂಗತಿ.

ಇಷ್ಟಾದ ಮೇಲೆ ಛೇದಗಳನ್ನು ಸಮ ಮಾಡುವ ಸರ್ವಸಾಮಾನ್ಯ ಕ್ರಮಕ್ಕೆ ಬರಬೇಕು. ಅಳತೆಗೋಲುಗಳು ಬೇರೆಯಾಗಿರುವಾಗ ಎರಡು ಅಳತೆಗಳನ್ನು ನೇರವಾಗಿ ಹೋಲಿಸಲಾಗದು. ಎರಡನ್ನೂ ಒಂದೇ ಕೋಲಿನಲ್ಲಿ ಅಳೆಯಬೇಕು. ಅದಕ್ಕೆ ಛೇದಗಳ ಗುಣಲಬ್ಧವೇ ಆಗಬೇಕೆಂದಿಲ್ಲ, ಅವುಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡು ಛೇದಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಸಾಕು. 7/12 ಮತ್ತು 11/18ರಲ್ಲಿ ಗುಣಲಬ್ಧ 216 ಆದರೆ ಲ.ಸಾ.ಅ. ಕೇವಲ 36, ಆ ಪ್ರಕಾರ 21/36 ಮತ್ತು 22/36 ಎಂದು ಬರೆದೊಡನೆ ಎರಡನೆಯದು ಎಳ್ಳಷ್ಟೇ ದೊಡ್ಡದೆಂದು ತಿಳಿಯುತ್ತದೆ. ಕ್ರಿಸ್ತಶಕ 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ‘ಗಣಿತಸಾರ ಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯರು ಭಿನ್ನರಾಶಿಗಳನ್ನು ಸಮಚ್ಛೇದ ಮಾಡುವಾಗ ಲ.ಸಾ.ಅ.ವನ್ನು ಬಳಸುವ ಕ್ರಮವನ್ನು ಹೇಳಿದ್ದಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಿಕ್ಕಿದ್ದ ಮಿತವ್ಯಯವನ್ನು ಓರೆ ಗುಣಾಕಾರದ ಅವಸರದಲ್ಲಿ ನಾವು ಕೈಬಿಡುತ್ತಿದ್ದೇವೆ, ಏಕೆಂದರೆ ಓರೆ ಗುಣಾಕಾರವು ಯಾವಾಗಲೂ ಗುಣಲಬ್ಧವನ್ನೇ ಛೇದವಾಗಿ ಹಿಡಿಯುತ್ತದೆ, ಅದನ್ನು ಬಾಯಿಬಿಟ್ಟು ಹೇಳದಿದ್ದರೂ.

ಭಿನ್ನರಾಶಿಗಳು ಎರಡಕ್ಕಿಂತ ಹೆಚ್ಚಾದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2/3, 5/8, 7/12, 3/4 ಇವುಗಳನ್ನು ಏರಿಕೆಯ ಕ್ರಮದಲ್ಲಿ ಬರೆಯಲು ಓರೆ ಗುಣಾಕಾರವನ್ನೇ ನಂಬಿದವನು ಜೋಡಿ ಜೋಡಿಯಾಗಿ ಹೋಲಿಸುತ್ತ ಹೋಗಬೇಕು. ಎಲ್ಲ ಜೋಡಿಗಳನ್ನೂ ಹಿಡಿದರೆ ಆರು ಹೋಲಿಕೆಗಳಾಗುತ್ತವೆ. ಲ.ಸಾ.ಅ. 24 ಎಂದು ಒಮ್ಮೆ ಕಂಡುಕೊಂಡರೆ 16/24, 15/24, 14/24, 18/24 ಎಂದು ನಾಲ್ಕೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಮತ್ತು 7/12, 5/8, 2/3, 3/4 ಎಂಬ ಕ್ರಮ ತಾನಾಗಿಯೇ ಬರುತ್ತದೆ. ಯಾವುದು ಯಾವುದಕ್ಕಿಂತ ಎಷ್ಟು ದೊಡ್ಡದು ಎಂಬುದೂ ಅದರಲ್ಲೇ ಸಿಗುತ್ತದೆ.

ಇಷ್ಟೆಲ್ಲ ಹೇಳಿದ್ದರಿಂದ ನಾನು ಓರೆ ಗುಣಾಕಾರದ ವಿರೋಧಿ ಎಂದು ಓದುಗರು ಭಾವಿಸಬಾರದು. ಎರಡು ಭಿನ್ನರಾಶಿಗಳು ತೀರ ಹತ್ತಿರ ಬಂದು, ಅರ್ಧ, ಒಂದು ಮುಂತಾದ ಗುರುತುಗಳೆಲ್ಲ ಸೋತಾಗ ಅದರ ನಿಜವಾದ ಶಕ್ತಿ ತಿಳಿಯುತ್ತದೆ. 5/8 ಮತ್ತು 7/11ರ ಗುಣಲಬ್ಧಗಳು 55 ಮತ್ತು 56. ಇವುಗಳ ವ್ಯತ್ಯಾಸ ಒಂದು. ಛೇದಗಳ ಗುಣಲಬ್ಧ 88. ಆದ್ದರಿಂದ 7/11 ದೊಡ್ಡದಷ್ಟೇ ಅಲ್ಲ, ಸರಿಯಾಗಿ 1/88ರಷ್ಟು ದೊಡ್ಡದು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ ಪೈಗೆ ನಾವೆಲ್ಲ ಶಾಲೆಯಲ್ಲಿ ಬಳಸಿದ 22/7 ಮತ್ತು ಐದನೇ ಶತಮಾನದ ಚೀನೀ ಗಣಿತಜ್ಞ ಜು ಚೋಂಗ್‌ಝಿ ಕೊಟ್ಟ 355/113 ಇವುಗಳಲ್ಲಿ ದೊಡ್ಡದು ಯಾವುದು? ಇಪ್ಪತ್ತೆರಡನ್ನು 113ರಿಂದ ಗುಣಿಸಿದರೆ 2486, 355ನ್ನು ಏಳರಿಂದ ಗುಣಿಸಿದರೆ 2485. ಇಲ್ಲಿಯೂ ವ್ಯತ್ಯಾಸ ಒಂದೇ ಒಂದು, ಆದ್ದರಿಂದ 22/7 ದೊಡ್ಡದು, ಅದೂ 1/791ರಷ್ಟು ಮಾತ್ರ. ಪೈ ಬೆಲೆಯು 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ ಎಂದು ಆರ್ಕಿಮಿಡೀಸ್ ತೋರಿಸಿಕೊಟ್ಟಿದ್ದನಷ್ಟೆ. ಆ ಎರಡು ಗಡಿಗಳನ್ನೂ ಓರೆಯಾಗಿ ಗುಣಿಸಿದರೆ 1561 ಮತ್ತು 1562 ಬರುತ್ತವೆ, ಮತ್ತೆ ಒಂದರ ಅಂತರ.

ಹೀಗೆ ಒಂದರ ಅಂತರ ಬಂದಾಗಲೆಲ್ಲ ಇನ್ನೊಂದು ಸೊಗಸಾದ ಸಂಗತಿ ಜೊತೆಗೇ ಬರುತ್ತದೆ. ಅಂಥ ಎರಡು ಭಿನ್ನರಾಶಿಗಳ ನಡುವೆ ಬೀಳುವ ಯಾವ ಭಿನ್ನರಾಶಿಯ ಛೇದವೂ ಅವೆರಡರ ಛೇದಗಳ ಮೊತ್ತಕ್ಕಿಂತ ಚಿಕ್ಕದಾಗಿರಲಾರದು. 223/71 ಮತ್ತು 22/7ರ ನಡುವೆ 78ಕ್ಕಿಂತ ಚಿಕ್ಕ ಛೇದದ ಒಂದೇ ಒಂದು ಭಿನ್ನರಾಶಿಯೂ ಇಲ್ಲ. 78ನೇ ಛೇದದಲ್ಲಿ 245/78 ಸಿಗುತ್ತದೆ, ಅದರ ಅಂಶ ಎರಡೂ ಅಂಶಗಳ ಮೊತ್ತ, ಛೇದ ಎರಡೂ ಛೇದಗಳ ಮೊತ್ತ. ಕೂಡುವಾಗ ಮಾಡಿದರೆ ತಪ್ಪಾಗುವ ಅದೇ ಕೆಲಸ, ಅಂದರೆ ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಸೇರಿಸುವುದು, ಇಲ್ಲಿ ಎರಡರ ನಡುವಿನ ಭಿನ್ನರಾಶಿಯೊಂದನ್ನು ತಪ್ಪದೆ ಕೊಡುತ್ತದೆ. 1816ರಲ್ಲಿ ಭೂವಿಜ್ಞಾನಿ ಜಾನ್ ಫೇರಿ ಭಿನ್ನರಾಶಿಗಳ ಪಟ್ಟಿಯಲ್ಲಿ ಈ ಗುಣವನ್ನು ಗಮನಿಸಿ ಪ್ರಕಟಿಸಿದರು, ಫ್ರಾನ್ಸಿನ ಗಣಿತಜ್ಞ ಕೋಶಿ ಅದನ್ನು ಸಾಧಿಸಿ ತೋರಿಸಿದರು. ಓರೆ ಗುಣಾಕಾರವನ್ನು ಕಲಿಸುವುದಾದರೆ ಇಂಥ ಕಡೆಗೆ ಬಾಗಿಲು ತೆರೆಯುವಂತೆ ಕಲಿಸಬೇಕೆಂಬುದು ನನ್ನ ಆಸೆ.

ದಶಮಾಂಶಕ್ಕೆ ತಂದು ಹೋಲಿಸುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೆಕ್ಕ ಮಾಡುವ ಯಂತ್ರ ಕೈಯಲ್ಲಿದ್ದರೆ ಅದು ಸುಲಭ. 7/11 ಎಂಬುದು 0.6363 ಎಂದು ಕೊನೆಯಿಲ್ಲದೆ ಸಾಗುತ್ತದೆ, 5/8 ಎಂಬುದು 0.625ಕ್ಕೆ ನಿಲ್ಲುತ್ತದೆ. ದಶಮಾಂಶವೆಂಬುದೂ 10, 100, 1000 ಎಂಬ ಒಪ್ಪಿಕೊಂಡ ಛೇದಗಳಿಗೆ ತರುವ ಕೆಲಸವೇ. ತಮ್ಮ ಪತ್ರಿಕೆಯ ಪುಟಗಳಲ್ಲಿ ದಿನವೂ ಕಾಣುವ ಶೇಕಡಾವಾರು ಲೆಕ್ಕವೂ ನೂರನ್ನು ಎಲ್ಲರಿಗೂ ಸಮಾನ ಛೇದವಾಗಿ ಇಟ್ಟುಕೊಂಡ ಏರ್ಪಾಡಲ್ಲದೆ ಬೇರೇನೂ ಅಲ್ಲ. ಎರಡು ಭಿನ್ನರಾಶಿಗಳನ್ನು ಹೋಲಿಸುವಾಗ ಪೂರ್ಣವು ಒಂದೇ ಆಗಿರಬೇಕೆಂಬ ಎಚ್ಚರಿಕೆ ಅಲ್ಲಿಯೂ ಇಲ್ಲಿಯೂ ಒಂದೇ: 40ರ ಅರ್ಧ 20, 90ರ ಮೂರನೇ ಒಂದು 30, ಆದರೆ ಇದರಿಂದ 1/3 ಎಂಬುದು 1/2ಕ್ಕಿಂತ ದೊಡ್ಡದಾಗುವುದಿಲ್ಲ.

ಪರೀಕ್ಷೆಯಲ್ಲಿ ಸಮಯ ಸಾಲದು, ಇಷ್ಟೊಂದು ವಿಧಾನಗಳನ್ನು ಕಲಿಸಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಒಂದೇ ಸೂತ್ರವಾದರೆ ಎಲ್ಲ ಕಡೆಯೂ ನಡೆಯುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಮೇಲೆ ಹೇಳಿದವು ಬೇರೆ ಬೇರೆ ಸೂತ್ರಗಳಲ್ಲ. ತುಂಡಿನ ಗಾತ್ರ ಮತ್ತು ತುಂಡುಗಳ ಎಣಿಕೆ ಎಂಬ ಒಂದೇ ತಿಳಿವಳಿಕೆಯನ್ನು ಬೇರೆ ಬೇರೆ ಸಂಖ್ಯೆಗಳ ಮೇಲೆ ಪ್ರಯೋಗಿಸಿದ್ದು. ಸಮಯದ ಮಾತಿಗೆ ಬಂದರೆ, 12/13 ಮತ್ತು 17/18ನ್ನು ನೋಡಿ ಹೇಳುವವನು ಗುಣಿಸಿ ಹೇಳುವವನಿಗಿಂತ ಮೊದಲೇ ಮುಗಿಸುತ್ತಾನೆ. ಜೊತೆಗೆ, ಗುಣಾಕಾರದಲ್ಲಿ ಎಲ್ಲೋ ಕೈತಪ್ಪಿ 3/7 ದೊಡ್ಡದೆಂಬ ಉತ್ತರ ಬಂದಾಗ, ‘ಅರ್ಧಕ್ಕಿಂತ ಕಡಿಮೆ ಇರುವುದು ಹೇಗೆ ದೊಡ್ಡದಾಯಿತು’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಶಕ್ತಿ ಗಾತ್ರ ಬಲ್ಲವನಿಗೆ ಮಾತ್ರ ಇರುತ್ತದೆ.

ಆದ್ದರಿಂದ ವಿದ್ಯಾರ್ಥಿ ಪುಟದ ಮುಂದಿನ ಸಂಚಿಕೆಗಳಲ್ಲಿ ಇದೇ ವಿಷಯವನ್ನು ಇನ್ನೊಮ್ಮೆ ಎತ್ತಿಕೊಂಡು, ಮೊದಲು ನೋಡಿ ಅಂದಾಜಿಸುವುದನ್ನೂ, ಆಮೇಲೆ ಅಂಶ ಅಥವಾ ಛೇದಗಳನ್ನು ಸಮ ಮಾಡುವುದನ್ನೂ, ಕಡೆಯಲ್ಲಿ ಕಾರಣಸಮೇತ ಓರೆ ಗುಣಾಕಾರವನ್ನೂ ವಿವರಿಸಬೇಕೆಂದು ಕೋರುತ್ತೇನೆ. ಅಭ್ಯಾಸಕ್ಕೆಂದು 7/15 ಮತ್ತು 6/11, 19/20 ಮತ್ತು 24/25, 10/21 ಮತ್ತು 15/31, 5/12 ಮತ್ತು 7/18 ಎಂಬ ನಾಲ್ಕು ಜೋಡಿಗಳನ್ನು ಕೊಡಬಹುದು. ಪ್ರತಿಯೊಂದಕ್ಕೂ ಹೊಂದುವ ದಾರಿ ಬೇರೆಯಾಗಿರುವುದರಿಂದ, ಯಾವುದು ದೊಡ್ಡದು ಎಂಬುದರ ಜೊತೆಗೆ ಅದು ಹೇಗೆ ತಿಳಿಯಿತೆಂಬುದನ್ನೂ ಒಂದು ವಾಕ್ಯದಲ್ಲಿ ಬರೆದು ಕಳುಹಿಸುವಂತೆ ಮಕ್ಕಳನ್ನು ಕೇಳಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ